ಇಂದುಮತಿ ಕೊಟ್ಟ ಹೆಪ್ಪು

ಕಂಪ್ಯೂಟರುಗಳು ಮನೆಯವರಂತೆ ಪಳಗಲು ಕಲಿತ ಮೇಲೆ, ಅವುಗಳಿಗೊಂದು ಆಪರೇಟಿಂಗ್ ಸಿಸ್ಟಮ್ ಆರಿಸುವುದು ಮಹಡಿಯ ಕೋಣೆಗೆ ಬಾಡಿಗೆಯವರನ್ನು ಆರಿಸುವಷ್ಟು ಯೋಚನೆಯ ಕೆಲಸವಾಗಿಬಿಟ್ಟಿತು. ಮೊದಲಿನ ಹಾಗೆ ಅದರಲ್ಲಿ ಸೆಟ್ಟಿಂಗುಗಳಿರಲಿಲ್ಲ. ಅಕ್ಷರ ದೊಡ್ಡದಿರಲಿ, ದನಿ ಸಣ್ಣದಿರಲಿ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಿಸ್ಟಮ್ ಮನೆಯೊಳಗೆ ಬಂದು ಕೂತು, ಇಲ್ಲಿಯವರು ಯಾವಾಗ ಏಳುತ್ತಾರೆ, ಹೇಗೆ ಮಾತಾಡುತ್ತಾರೆ, ಯಾವುದಕ್ಕೆ ರೇಗುತ್ತಾರೆ ಎಂಬುದನ್ನೆಲ್ಲ ನೋಡುತ್ತ ನೋಡುತ್ತ ತಾನೇ ಹದಕ್ಕೆ ಬರುತ್ತಿತ್ತು, ಹಾಲು ಮೊಸರಾದ ಹಾಗೆ. ಹಾಗೆ ಹದಕ್ಕೆ ಬಂದದ್ದನ್ನು ಅಳಿಸಿದರೆ ಮತ್ತೆ ಹಾಲಿನಿಂದಲೇ ಶುರು.

ಗದಗಿನ ಮಹಾನಂದಾಳಿಗೆ ಅಂಥದೊಂದನ್ನು ಆರಿಸುವ ಸಂದರ್ಭ ಬಂತು. ತನ್ನ ಮನೆಯ ಹಳೆಯ ಕಂಪ್ಯೂಟರಿಗೆಂದು ಮಾಡಿದ ಆಯ್ಕೆ, ಬೆಟಗೇರಿಯ ಇಂದುಮತಿ ತನ್ನ ಗಂಡನ ಮನೆಯಲ್ಲಿ ಉಳಿಯಬೇಕೋ ಬೇಡವೋ ಎಂಬಲ್ಲಿಗೆ ಹೋಗಿ ಮುಟ್ಟೀತೆಂದು ಆಗ ಅವಳು ಎಣಿಸಿರಲಿಲ್ಲ.

ಮಹಾನಂದಾ ಐವತ್ತು ದಾಟಿದ ಹೆಂಗಸು. ಕಪ್ಪತಗುಡ್ಡದಲ್ಲಿ ಗಾಳಿಯಿಂದ ಕರೆಂಟು ತೆಗೆಯುವ ಗೋಪುರಗಳನ್ನು ನೋಡಿಕೊಳ್ಳುವ ನಿಯಂತ್ರಣ ಕೊಠಡಿಯಲ್ಲಿ ಪಾಳಿಯ ಮೇಲ್ವಿಚಾರಕಿ. ಮದುವೆಯ ಮಾತು ಬಂದು ಬಂದು ಒಂದು ವಯಸ್ಸಿನಲ್ಲಿ ತಾನಾಗಿಯೇ ನಿಂತುಹೋಗಿತ್ತು. ಅದರ ಬಗ್ಗೆ ಅವಳಿಗೆ ಹೆಚ್ಚಿನ ದುಃಖವೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಮನೆಯಲ್ಲಿ ಜೊತೆಗಿದ್ದವಳು ತಾಯಿಯ ತಂಗಿ ನೀಲವ್ವ. ಅಂಗನವಾಡಿಯಲ್ಲಿ ಮಕ್ಕಳಿಗೆ ಕಥೆ ಹೇಳಿ ನಿವೃತ್ತಳಾದ ಈ ಚಿಗವ್ವನಿಗೆ ಈಗ ಕಣ್ಣು ಮಂಜಾಗಿ, ಕಥೆ ಕೇಳುವ ಸರದಿ ಬಂದಿತ್ತು. ಪೇಪರು, ಫೋನು, ಪತ್ತೇದಾರಿ ಕಾದಂಬರಿ ಎಲ್ಲಕ್ಕೂ ಅವಳಿಗೆ ಕಂಪ್ಯೂಟರೇ ಕಣ್ಣು. ಬಾಡಿಗೆಯ ಸಿಸ್ಟಮ್ ಕೊಡುತ್ತಿದ್ದ ಕಂಪನಿ ಹಳೆಯ ಯಂತ್ರಗಳ ಕೈಬಿಟ್ಟ ದಿನ ಅದು ಪರದೆಯ ತುಂಬ ಬೂದು ಬಣ್ಣ ತೋರಿಸಿ ಸುಮ್ಮನಾಯಿತು.

“ನನ್ನಂಗ ಇದಕ್ಕೂ ಪೊರಿ ಬಂತೇನ?” ಎಂದಳು ಚಿಗವ್ವ.

“ಹೊಸಾದು ಹಾಕಸ್ತೀನಿ ತಡಿ. ಈಗ ಮುಕ್ತ ಸಿಸ್ಟಮ್ ಭಾಳ ಅದಾವ. ಬಾಡಿಗಿ ಇಲ್ಲ, ಏನಿಲ್ಲ. ಯಾರ ಬೇಕಾದ್ರೂ ಹಾಕ್ಕೋಬಹುದು, ಯಾರಿಗೆ ಬೇಕಾದ್ರೂ ಕೊಡಬಹುದು.”

“ಹಾಕಸವಾ ಲಗೂನ. ಕಾದಂಬರ್ಯಾಗ ಸಾವಕಾರನ ಹೆಣ ಬಿದ್ದೈತಿ. ಯಾರು ಹೊಡದ್ರು ಅಂತ ತಿಳೀದ ನಾ ಸಾಯಾಂಗಿಲ್ಲ ಮತ್ತ.”

ಯಾವುದು ಹಾಕುವುದು ಎಂದು ಮಹಾನಂದಾ ನಿಯಂತ್ರಣ ಕೊಠಡಿಯಲ್ಲಿ ಕೇಳಿದಳು. ಕೇಳಬಾರದಿತ್ತು. ಚಹಾದ ಹೊತ್ತು ಮುಗಿದರೂ ವಾದ ಮುಗಿಯಲಿಲ್ಲ. ಹಳೆಯ ಯಂತ್ರಕ್ಕೆ ‘ನವಣೆ’ಯೇ ಸರಿ, ಹಗುರ ಎಂದರು ಒಬ್ಬರು. ‘ಹೊಂಗೆ’ಯಲ್ಲಿ ಇಲ್ಲದ್ದೇ ಇಲ್ಲ ಎಂದರು ಇನ್ನೊಬ್ಬರು. ‘ಕಮ್ಮಾರ’ ಎಂಬುದನ್ನು ಬಳಸುವವನೊಬ್ಬನಿದ್ದ. ಅದರಲ್ಲಿ ಒಂದೊಂದು ಭಾಗವನ್ನೂ ಕೈಯಾರೆ ಜೋಡಿಸಿಕೊಳ್ಳಬೇಕು. ಅದನ್ನು ಬಳಸುವವರು ತಾವು ಬಳಸುತ್ತೇವೆಂದು ದಿನಕ್ಕೊಮ್ಮೆಯಾದರೂ ಹೇಳದೆ ಇರುವುದಿಲ್ಲ.

ಎಲ್ಲ ಕೇಳಿಸಿಕೊಂಡ ಇಂಜಿನಿಯರ್ ಜುಲೇಖಾ ಕೊನೆಗೆ ಬಾಯಿಬಿಟ್ಟಳು. “ಅಕ್ಕಾರ, ಬಳಸೋರು ಯಾರು? ನೀವೋ, ಚಿಗವ್ವಾರೋ?”

“ಚಿಗವ್ವ.”

“ಹಂಗಾರ ‘ಗುಬ್ಬಿ’ ಹಾಕ್ರಿ. ಹೊಸಬರಿಗಂತನ ಮಾಡ್ಯಾರ. ತಪ್ಪ ಮಾಡಿದ್ರ ಬೈಯಂಗಿಲ್ಲ, ಕೇಳಿದ್ದನ್ನ ಮತ್ತ ಮತ್ತ ಕೇಳಿದ್ರ ಬ್ಯಾಸರ ಮಾಡ್ಕೊಳ್ಳಂಗಿಲ್ಲ. ಇವರ ಮಾತ ಕೇಳಿ ಕಮ್ಮಾರ ಹಾಕಿದ್ರ ಚಿಗವ್ವಾರು ನಿಮ್ಮನ್ನ ಹೊರಗ ಹಾಕ್ತಾರ.”

ಮಹಾನಂದಾ ಗುಬ್ಬಿಯ ಹೊಸ ಬೀಜವನ್ನು, ಅಂದರೆ ಇನ್ನೂ ಯಾರ ಮನೆಗೂ ಪಳಗದ ಪ್ರತಿಯನ್ನು, ಇಳಿಸಿಕೊಂಡು ಮನೆಯ ಯಂತ್ರಕ್ಕೆ ಹಾಕಿದಳು. “ತಮಗೆ ಏನನ್ನು ಓದಿ ಹೇಳಲಿ?” ಎಂದು ಅದು ವಿನಯದಿಂದ ಕೇಳಿತು.

“ಯವ್ವಾ, ಇದು ತಹಶೀಲ್ದಾರ ಕಚೇರಿಯಿಂದ ಬಂದಂಗ ಐತಿ,” ಎಂದಳು ಚಿಗವ್ವ. ಅವಳ ಮಾತು ಅದಕ್ಕೆ ತಿಳಿಯಲಿಲ್ಲ, ಅದರ ಮಾತು ಇವಳಿಗೆ ಹಿಡಿಸಲಿಲ್ಲ. ಊರಿನ ಮಾತಿಗೆ ಪಳಗಲು ಗುಬ್ಬಿಗೆ ಒಂದೆರಡು ತಿಂಗಳಾದರೂ ಬೇಕು. ಅಷ್ಟು ದಿನ ಹೆಣ ಕಾಯಲು ಚಿಗವ್ವ ತಯಾರಿರಲಿಲ್ಲ.

ಇದಕ್ಕೆ ಗದಗ–ಬೆಟಗೇರಿಯ ಹೆಂಗಸರು ತಮ್ಮದೇ ದಾರಿ ಕಂಡುಕೊಂಡಿದ್ದರು. ಗುಬ್ಬಿ ಮಾಡಿದವರು ‘ಪ್ರತಿ ಮನೆಯಲ್ಲೂ ಹೊಸ ಬೀಜದಿಂದಲೇ ಶುರು ಮಾಡಿ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಯಾರೂ ಅದನ್ನು ಲೆಕ್ಕಕ್ಕಿಟ್ಟಿರಲಿಲ್ಲ. ಹೆಪ್ಪನ್ನು ಯಾರಾದರೂ ಅಂಗಡಿಯಿಂದ ತರುತ್ತಾರೆಯೇ? ಯಾರ ಮನೆಯ ಮೊಸರು ಗಟ್ಟಿಯೋ ಅವರ ಮನೆಗೆ ಬಟ್ಟಲು ಹಿಡಿದು ಹೋಗುವುದು. ಹಾಗೆಯೇ ಯಾರ ಮನೆಯಲ್ಲಿ ಸಿಸ್ಟಮ್ ಚೆನ್ನಾಗಿ ಕೂತಿದೆಯೋ ಅವರ ಯಂತ್ರದಿಂದ ಒಂದು ಪ್ರತಿ ತೆಗೆದುಕೊಂಡು ತಮ್ಮ ಮನೆಗೆ ಹಾಕಿಕೊಳ್ಳುವುದು ರೂಢಿಯಾಗಿತ್ತು. ಅದನ್ನೂ ಹೆಪ್ಪು ಎಂದೇ ಕರೆಯುತ್ತಿದ್ದರು. ಹೆಸರು, ಫೋಟೋ, ಮಾತುಕತೆ, ಗುರುತಿನ ದನಿ ಯಾವುದೂ ಪ್ರತಿಯ ಜೊತೆ ಬರುತ್ತಿರಲಿಲ್ಲ. ಪಳಗಿದ ಅಭ್ಯಾಸವಷ್ಟೇ ಬರುತ್ತಿತ್ತು. ಅಭ್ಯಾಸದಲ್ಲೇನು ಗುಟ್ಟಿರುತ್ತದೆ ಎಂದು ಎಲ್ಲರೂ ನಿಶ್ಚಿಂತೆಯಿಂದಿದ್ದರು.

ಊರಿನ ಹೆಂಗಸರ ಸಂಘವಾದ ಅಕ್ಕನ ಬಳಗದ ವಾರದ ಕೂಟದಲ್ಲಿ ಚಿಗವ್ವ ಇಂದುಮತಿಯ ಕೈ ಹಿಡಿದಳು. ಇಂದುಮತಿ ಬೆಟಗೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಅವಳ ಗಂಡ ಪ್ರಭುಲಿಂಗನನ್ನು ಬಳಗದಲ್ಲಿ ಹೊಗಳದವರಿಲ್ಲ. ಕಾಲೊನಿಯ ಸಂಘದ ಕಾರ್ಯದರ್ಶಿ ಅವನು, ಕೂಟಕ್ಕೆ ಬುಟ್ಟಿಗಟ್ಟಲೆ ಹೂ ಕಳಿಸುವವನು, ಹೆಂಡತಿಯನ್ನು ಕೂಟಕ್ಕೆ ತಾನೇ ತಂದು ಬಿಟ್ಟು ತಾನೇ ಕರೆದುಕೊಂಡು ಹೋಗುವವನು.

“ನಿಮ್ಮನ್ಯಾಗ ಗುಬ್ಬಿ ಛಲೋ ಕುಂತೈತಂತಲ್ಲ. ಒಂದೀಟ ಹೆಪ್ಪ ಕೊಡವಾ ತಂಗಿ,” ಎಂದಳು ಚಿಗವ್ವ.

ಇಂದುಮತಿ ಸ್ವಲ್ಪ ತಡೆದಳು. “ನಮ್ಮದು ಭಾಳ ಸಪ್ಪಗ ಐತ್ರಿ ಚಿಗವ್ವಾರ. ಬ್ಯಾರೆ ಯಾರ ಹತ್ರಾನರ ತಗೋರಿ.”

“ಸಪ್ಪಗಿದ್ರ ನಾ ಖಾರಾ ಹಾಕ್ತೀನಿ. ನೀ ಕೊಡು.”

ಕೇಳಿದವರಿಗೆ ಹೆಪ್ಪು ಇಲ್ಲವೆನ್ನುವ ಪದ್ಧತಿ ಇಲ್ಲ. ಮುಂದಿನ ವಾರ ಇಂದುಮತಿ ಬೆರಳುಗುರಿನಷ್ಟಿದ್ದ ಚಿಪ್ಪೊಂದನ್ನು ಕುಂಕುಮದ ಸ್ಟೀಲು ಡಬ್ಬಿಯಲ್ಲಿಟ್ಟು ತಂದು ಮಹಾನಂದಾಳ ಕೈಗೆ ಕೊಟ್ಟಳು. ಕೊಡುವಾಗ ಅವಳ ಕಣ್ಣು ಮಹಾನಂದಾಳ ಮುಖದ ಮೇಲೆ ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚು ನಿಂತಿತ್ತು. ಅದು ಆಮೇಲೆ ನೆನಪಾದ ಮಾತು.

ಹೆಪ್ಪು ಚೆನ್ನಾಗಿಯೇ ಹತ್ತಿತು. “ಏನ ಓದಲ್ರಿ?” ಎಂದು ಗುಬ್ಬಿ ಕೇಳಿದಾಗ ಚಿಗವ್ವನ ಮುಖ ಅರಳಿತು. ಬೆಳಿಗ್ಗೆ ಪೇಪರು, ಮಧ್ಯಾಹ್ನ ಅಣ್ಣಿಗೇರಿಯ ಗೆಳತಿಯ ಫೋನು, ಇಳಿಹೊತ್ತಿಗೆ ಕಾದಂಬರಿ. ಎಷ್ಟು ಸಲ ಕೇಳಿದರೂ ಅದು ಬೇಸರಿಸಲಿಲ್ಲ.

ಅದಕ್ಕೆ ಕೆಲವು ವಿಚಿತ್ರ ಗುಣಗಳಿದ್ದದ್ದು ನಿಧಾನಕ್ಕೆ ತಿಳಿಯಿತು. ಗೇಟಿನ ಚಿಲಕ ಸಪ್ಪಳವಾದರೆ ಸಾಕು, ಓದುತ್ತಿದ್ದ ವಾಕ್ಯವನ್ನು ಅರ್ಧಕ್ಕೇ ನುಂಗಿ ಸುಮ್ಮನಾಗುತ್ತಿತ್ತು. ಪರದೆಯ ಮೇಲೆ ಹುಳಿ ಮಾಡುವ ವಿಧಾನ ಬರುತ್ತಿತ್ತು. ನಲ್ಲಿ ರಿಪೇರಿಯವನು ಬಂದ ದಿನ ಅವನಿರುವಷ್ಟು ಹೊತ್ತೂ ಹುಳಿಯನ್ನೇ ತೋರಿಸುತ್ತ ಕೂತಿತ್ತು. ಗಂಡಸರ ದನಿ ಕೇಳಿದ ಮೇಲೆ ಏನು ಕೇಳಿದರೂ ಮೊದಲು “ತಪ್ಪಾತ್ರಿ” ಎನ್ನುವುದು, ಆಮೇಲೆ ಉತ್ತರ. ಫೋನು ಮುಗಿದ ಕೂಡಲೇ ಯಾರಿಗೆ ಮಾಡಿದ್ದೆಂಬ ಗುರುತನ್ನು ತಾನೇ ಅಳಿಸಿಬಿಡುತ್ತಿತ್ತು. ದಿನಾ ಬೆಳಿಗ್ಗೆ, ಬಚ್ಚಲಲ್ಲಿ ನೀರು ಬಿಟ್ಟ ಸಪ್ಪಳ ಕೇಳಿದಾಗ, ಯಾರೂ ಕೇಳದೆಯೇ ಸಿಂದಗಿಯ ಬಸ್ಸಿನ ವೇಳೆಗಳನ್ನು ತೆರೆದು, ನೀರಿನ ಸಪ್ಪಳ ನಿಂತೊಡನೆ ಮುಚ್ಚುತ್ತಿತ್ತು.

“ಸಿಂದಗ್ಯಾಗ ನಮಗ ಯಾರದಾರ?” ಎಂದು ಚಿಗವ್ವ ನಕ್ಕಳು. “ಆದ್ರ ಮರ್ಯಾದಿ ಭಾಳ ಕಲಿಸ್ಯಾಳ ನೋಡ ಇಂದುಮತಿ. ಒಂದಕ್ಕೂ ಎದುರು ಮಾತಿಲ್ಲ. ಒಂದ ತಕರಾರು ಅಂದ್ರ, ಕೊಲಿ ಮಾಡಿದಾಂವ ಇನ್ನೇನ ಸಿಕ್ಕ ಅನ್ನೂದ್ರಾಗ ಹುಳಿ ಮಾಡಾಕ ಕುಂದರತೈತಿ.”

ಮಹಾನಂದಾಳೂ ನಕ್ಕಳು. ಹಳೆಯ ಯಂತ್ರ, ಹೊಂದಿಕೊಳ್ಳಲು ಸಮಯ ಬೇಕು ಎಂದುಕೊಂಡಳು.

ಆ ತಿಂಗಳು ನಿಯಂತ್ರಣ ಕೊಠಡಿಯಲ್ಲಿ ಬೇರೊಂದು ತಲೆಬಿಸಿಯಿತ್ತು. ಮುಳಗುಂದದ ಬಯಲಿನಲ್ಲಿ ಹೊಸದಾಗಿ ನಿಲ್ಲಿಸಿದ ಗೋಪುರವೊಂದು ಸಂಜೆಯಾಗುತ್ತಿದ್ದಂತೆ, ಹದವಾದ ಗಾಳಿ ಬೀಸುತ್ತಿದ್ದರೂ, ರೆಕ್ಕೆಗಳ ಅಲಗು ತಿರುಗಿಸಿಕೊಂಡು ನಿಂತುಬಿಡುತ್ತಿತ್ತು. ಬಿರುಗಾಳಿ ಬಂದಾಗ ಗೋಪುರಗಳು ಹೀಗೆ ಮಾಡುತ್ತವೆ, ಗಾಳಿಗೆ ಮೈಯೊಡ್ಡದೆ ಪಕ್ಕಕ್ಕೆ ಸರಿದು ಉಳಿದುಕೊಳ್ಳುವ ಉಪಾಯ ಅದು. ಬಯಲಿನಲ್ಲಿ ಬಿರುಗಾಳಿಯೇ ಇರಲಿಲ್ಲ. ಹಲ್ಲುಚಕ್ರ ನೋಡಿದರು, ಗಾಳಿಮಾಪಕ ಬದಲಿಸಿದರು. ಏನೂ ಕೆಟ್ಟಿರಲಿಲ್ಲ.

ಕಾರಣ ಹುಡುಕಿದವಳು ಜುಲೇಖಾ. ಪರದೆಯ ಮೇಲೆ ಎರಡು ಗೋಪುರಗಳ ದಿನದ ಓಟದ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದಳು.

“ಇದರ ನಿಯಂತ್ರಕಾ ಎಲ್ಲಿಂದ ತಂದದ್ದು ಗೊತ್ತೇನ್ರಿ ಅಕ್ಕಾರ? ಗುಡ್ಡದ ಕಣಿವಿ ಬಾಯಾಗ ನಿಂತೈತಲ್ಲ, ಆ ಗೋಪುರದ್ದು. ಹೊಸಾದಕ್ಕ ಕಲಿಸಾಕ ಯಾಳ್ಯಾ ಹಿಡೀತೈತಿ ಅಂತ ಅದರ ಪ್ರತೀನ ಇದಕ್ಕ ಹಾಕ್ಯಾರ. ಅಲ್ಲಿ ದಿನಾ ಹೊತ್ತ ಮುಳಗೂ ಮುಂದ ಕಣಿವಿಯಿಂದ ಒಮ್ಮೆಲೆ ಗಾಳಿ ನುಗ್ಗತೈತಿ. ಅದು ವರ್ಷಗಟ್ಟಲೆ ಹೊಡತಾ ತಿಂದ ಕಲತೈತಿ. ಇಲ್ಲಿ ಆ ಗಾಳಿ ಇಲ್ಲ. ಆದರೂ ಹೊತ್ತ ಬಂತಂದ್ರ ಮೈ ಹಿಡಕೋತೈತಿ.”

“ಅಂದ್ರ ಇದು ಕೆಟ್ಟಿಲ್ಲ.”

“ಕೆಟ್ಟಿಲ್ರಿ. ಅಂಜಾಕತ್ತೈತಿ.”

ಮಹಾನಂದಾ ಆ ಎರಡು ಗೆರೆಗಳನ್ನು ನೋಡುತ್ತ ಕೂತಳು. ಮೇಲಿನ ಕಣಿವೆಯ ಗೆರೆಯಲ್ಲಿ ನುಗ್ಗುವ ಗಾಳಿಯಿತ್ತು, ಕೆಳಗಿನ ಬಯಲಿನ ಗೆರೆಯಲ್ಲಿ ಅದಿರಲಿಲ್ಲ. ಎರಡೂ ಒಂದೇ ಹೊತ್ತಿಗೆ ತಗ್ಗುತ್ತಿದ್ದವು. ಅವಳಿಗೆ ಹುಳಿ ಮಾಡುವ ವಿಧಾನ ನೆನಪಾಯಿತು. ಯಾಕೆ ನೆನಪಾಯಿತೆಂದು ತಿಳಿಯಲು ಇನ್ನೊಂದು ಕ್ಷಣ ಹಿಡಿಯಿತು. ತಿಳಿದಾಗ ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟಳು.

ಅಂದು ಮನೆಗೆ ಬಂದವಳು ಒಳಗೆ ಹೋಗದೆ ಗೇಟಿನ ಹತ್ತಿರವೇ ನಿಂತಳು. ಕಿಟಕಿಯಿಂದ ಗುಬ್ಬಿಯ ದನಿ ಕೇಳುತ್ತಿತ್ತು. ಚಿಲಕ ಎತ್ತಿ ಹಾಕಿದಳು. ದನಿ ನಿಂತಿತು. ಕಾದಳು. ಸ್ವಲ್ಪ ಹೊತ್ತಿನ ಮೇಲೆ, ಯಾವ ಹೆಜ್ಜೆಯೂ ಒಳಗೆ ಬರಲಿಲ್ಲವೆಂದು ಖಾತ್ರಿಯಾದ ಮೇಲೆ, ದನಿ ಮತ್ತೆ ಬಂತು. ಮೊದಲಿಗಿಂತ ಸಣ್ಣಗೆ. ಇನ್ನೊಮ್ಮೆ ಚಿಲಕ ಎತ್ತಲು ಅವಳಿಗೆ ಮನಸ್ಸಾಗಲಿಲ್ಲ. ಯಾರನ್ನೋ ಬೇಕೆಂದೇ ಹೆದರಿಸಿದ ಹಾಗೆ ಅನಿಸಿತು.

ರೊಟ್ಟಿ ಮುರಿಯುತ್ತ ಚಿಗವ್ವನಿಗೆ ಹೇಳಿದಳು. ಅಂಗನವಾಡಿಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ನೋಡಿದವಳು ಚಿಗವ್ವ. ಬಾಗಿಲು ಬಡಿದರೆ ಬೆಚ್ಚುವ ಮಗು ಯಾವ ಮನೆಯದೆಂದು ಕೇಳದೆಯೇ ಹೇಳುತ್ತಿದ್ದಳು.

“ಮರ್ಯಾದಿ ಅಂತ ನಕ್ಕೆನಲ್ಲ ನಾ,” ಎಂದಳು. ತಟ್ಟೆ ಸರಿಸಿದಳು. “ಹೂ ಕಳಸ್ತಾನ ಭಾಡ್ಯಾ.”

ಮಹಾನಂದಾಳನ್ನು ಕಾಡಿದ್ದು ಮುಖ್ಯವಾಗಿ ಸಿಂದಗಿಯ ಬಸ್ಸು. ಇಂದುಮತಿಯ ಅಕ್ಕ ಸಿಂದಗಿಯಲ್ಲಿದ್ದಾಳೆಂದು ಅವಳಿಗೆ ಗೊತ್ತಿತ್ತು. ಪ್ರಭುಲಿಂಗ ಸ್ನಾನಕ್ಕೆ ಹೋದಾಗ ಬಸ್ಸಿನ ವೇಳೆ ನೋಡುವುದು, ಹೊರಬರುವಷ್ಟರಲ್ಲಿ ಮುಚ್ಚುವುದು. ಯಂತ್ರಕ್ಕೆ ಅಭ್ಯಾಸವಾಗಬೇಕಾದರೆ ಒಂದೆರಡು ದಿನ ಸಾಲದು. ಎಷ್ಟು ಬೆಳಗುಗಳು ಅವಳು ಹಾಗೆ ನೋಡಿರಬೇಕು, ನೋಡಿ ಶಾಲೆಗೆ ಹೋಗಿರಬೇಕು. ಮದುವೆಯಾಗದ ಹೆಂಗಸಿಗೆ ಸಂಜೆಗಳು ಕಷ್ಟವೆಂದು ಬಳಗದಲ್ಲಿ ಎಲ್ಲರೂ ಮಹಾನಂದಾಳಿಗೆ ಕನಿಕರ ತೋರಿಸುತ್ತಿದ್ದರು. ಇಂದುಮತಿಯೂ ಒಮ್ಮೆ ತೋರಿಸಿದ್ದಳು.

ಮರುದಿನ, ಯಾರ ಮನೆಯೆಂದು ಹೇಳದೆ, ಜುಲೇಖಾಳಿಗೆ ಗುಬ್ಬಿಯ ವಿಷಯ ಹೇಳಿದಳು.

“ಅಳಿಸಿ ಹೊಸಾ ಬೀಜಾ ಹಾಕ್ರಿ ಅಕ್ಕಾರ. ಬಯಲಿನ ಗೋಪುರಕ್ಕೂ ಅದನ್ನ ಮಾಡಾಕತ್ತೇವಿ,” ಎಂದಳು ಜುಲೇಖಾ. ಅವಳು ಹೇಳಿದ್ದು ಸರಿಯಾಗಿತ್ತು. ಹೊಸಬರಿಗೆ ಪುಸ್ತಕದಲ್ಲಿ ಬರೆದಿದ್ದೂ ಅದನ್ನೇ.

“ನಮ್ಮನ್ಯಾಗಿಂದು ಅಳಿಸಬಹುದು. ಆ ಮನ್ಯಾಗಿಂದು ಅಳಿಸಿದ್ರ?”

“ಕಣಿವಿ ಬಾಯಾಗಿಂದು?” ಜುಲೇಖಾ ತಲೆಯಾಡಿಸಿದಳು. “ಬ್ಯಾಡ್ರಿ. ಗಾಳಿ ಇರೂ ಕಡೆ ಆ ಅಂಜಿಕಿನ ಅದನ್ನ ನಿಲ್ಲಸೇತಿ. ಅದನ್ನ ತಗದ್ರ ಒಂದ ಸಂಜಿನ್ಯಾಗ ಮುರದ ಬೀಳತೈತಿ.”

“ಹಂಗಾರ ಅದಕ್ಕೇನ ಮಾಡೂದು?”

“ಏನ ಮಾಡಾಕಾಗತೈತ್ರಿ. ಗೋಪುರಾ ಕಿತ್ತ ಬ್ಯಾರೆ ಕಡೆ ನಿಲ್ಲಸಬೇಕು.” ಹೇಳಿದ ಮೇಲೆ ಜುಲೇಖಾ ಅವಳ ಮುಖ ನೋಡಿದಳು.

ಮಹಾನಂದಾ ಗುಬ್ಬಿಯನ್ನು ಅಳಿಸಲಿಲ್ಲ. ಇಂದುಮತಿಯ ಸ್ಟೀಲು ಡಬ್ಬಿ ಇನ್ನೂ ಅಡಿಗೆಮನೆಯ ಕಟ್ಟೆಯ ಮೇಲಿತ್ತು. ಹೆಪ್ಪು ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು. ಸಕ್ಕರೆ ಹಾಕಿ ಕೊಡುವುದು ರೂಢಿ. ಅವಳು ಡಬ್ಬಿ ತೊಳೆದು ಒರೆಸಿ, ತಳದಲ್ಲಿ ಏನೋ ಇಟ್ಟು, ಮೇಲೆ ಸಕ್ಕರೆ ತುಂಬಿದಳು. ಚಿಗವ್ವ ಸಪ್ಪಳದ ಮೇಲೆಯೇ ಕಂಡುಹಿಡಿದಳು.

“ಏನ ಹಾಕಿದಿ?”

“ನಮ್ಮನಿ ಕೀಲಿಕೈ.”

“ಮಹಡಿ ಮ್ಯಾಲಿನ ಖೋಲಿದೇನ?”

“ಮುಂಬಾಗಿಲದ್ದು.”

“ಛಲೋ ಆತು,” ಎಂದಳು ಚಿಗವ್ವ. “ಸಕ್ರಿ ಜಾಸ್ತಿ ಹಾಕು. ಕಾಣಬಾರದು.”

ಭಾನುವಾರ ಇಳಿಹೊತ್ತಿಗೆ ಮಹಾನಂದಾ ಬೆಟಗೇರಿಗೆ ಹೋದಳು. ಇಂದುಮತಿ ಒಬ್ಬಳೇ ಇದ್ದಳು. ಮೇಜಿನ ಮೇಲಿನ ಕಂಪ್ಯೂಟರು ಮಕ್ಕಳ ಉತ್ತರಪತ್ರಿಕೆಗಳನ್ನು ಓದಿ ಹೇಳುತ್ತಿತ್ತು. ಯಾವನೋ ಹುಡುಗ ಗುರುತ್ವಾಕರ್ಷಣೆಯನ್ನು ಕಂಡುಹಿಡಿದದ್ದು ಮಾವಿನಕಾಯಿಯಿಂದ ಎಂದು ಬರೆದಿದ್ದ. ಇಬ್ಬರೂ ನಕ್ಕರು. ಇಂದುಮತಿ ನಕ್ಕರೆ ಹತ್ತು ವರ್ಷ ಸಣ್ಣವಳಾಗಿ ಕಾಣುತ್ತಾಳೆಂದು ಮಹಾನಂದಾ ಮೊದಲ ಸಲ ಗಮನಿಸಿದಳು.

ಗೇಟಿನ ಚಿಲಕ ಸಪ್ಪಳವಾಯಿತು.

ಯಂತ್ರ ಮಾವಿನಕಾಯಿಯ ನಡುವೆಯೇ ನಿಂತಿತು. ಪರದೆಯ ಮೇಲೆ ಹುಳಿ ಬಂತು, ಅದೇ ಪುಟ. ಇಂದುಮತಿ ಎದ್ದು ಕುರ್ಚಿ ನೇರ ಮಾಡಿದಳು, ತನ್ನ ಅರ್ಧ ಕುಡಿದ ಲೋಟವನ್ನು ಒಳಗಿಟ್ಟು ಬಂದಳು, ಸೆರಗು ಸರಿಪಡಿಸಿಕೊಂಡಳು. ಇಷ್ಟೂ ಆಗಿದ್ದು ಹೆಜ್ಜೆ ಮೆಟ್ಟಿಲಿಗೆ ಬರುವಷ್ಟರಲ್ಲಿ. ಮಹಾನಂದಾ ಎಷ್ಟೋ ವರ್ಷ ಪರದೆಯ ಮೇಲೆ ಕಂಡಿದ್ದ ಗೆರೆಯದು, ರೆಕ್ಕೆ ಅಲಗು ತಿರುಗಿಸಿಕೊಳ್ಳುವುದು.

“ಓಹೋ, ಮಹಾನಂದಕ್ಕಾರು,” ಎಂದು ಪ್ರಭುಲಿಂಗ ತುಂಬು ಮುಖದಿಂದ ಒಳಗೆ ಬಂದ. “ಫೋನ ಮಾಡಿದ್ರ ಗಾಡಿ ಕಳಸ್ತಿದ್ನೆಲ್ರಿ. ಚಾ ಆತೇನ್ರಿ? ಸಕ್ರಿ ಹಾಕ್ಯಾಳೋ ಇಲ್ಲೋ ನೋಡ್ರಿ, ನಮ್ಮ ಮೇಡಮ್ಮಾರಿಗೆ ಮರವು ಜಾಸ್ತಿ.” ಆಮೇಲೆ ಯಂತ್ರದತ್ತ ತಿರುಗಿ ತಮಾಷೆಯ ದನಿಯಲ್ಲಿ ಕೇಳಿದ. “ಏನಲೇ, ಏನ ಓದಾಕತ್ತಿದ್ದೆ?”

“ತಪ್ಪಾತ್ರಿ. ಹುಳಿ ಮಾಡೂದು,” ಎಂದಿತು ಯಂತ್ರ.

ಅವನು ನಕ್ಕ. ಮಹಾನಂದಾಳೂ ನಗಬೇಕೆಂದು ಅವಳತ್ತ ನೋಡಿದ. ಅವಳು ನಗಲಿಲ್ಲ. “ಚಾ ಛಲೋ ಇತ್ರಿ,” ಎಂದು ಎದ್ದಳು.

ಗೇಟಿನವರೆಗೆ ಕಳಿಸಲು ಇಂದುಮತಿ ಬಂದಳು. ಅವನು ಬಾಗಿಲಲ್ಲೇ ನಿಂತು ಫೋನು ನೋಡುತ್ತಿದ್ದ. ಮಹಾನಂದಾ ಡಬ್ಬಿ ಕೊಡುತ್ತ, ತರಕಾರಿಯ ಬೆಲೆ ಮಾತಾಡುವಂಥ ಸಹಜ ದನಿಯನ್ನೇ ತಗ್ಗಿಸಿ ಹೇಳಿದಳು.

“ನಿಮ್ಮ ಹೆಪ್ಪ ಛಲೋ ಹತ್ತೈತಿ. ದಿನಾ ಮುಂಜಾನೆ ಸಿಂದಗಿ ಬಸ್ಸಿನ ಯಾಳ್ಯಾ ತಗೀತೈತಿ. ನಮಗ ಅಲ್ಲಿ ಯಾರೂ ಇಲ್ಲ.”

ಇಂದುಮತಿಯ ಬೆರಳುಗಳು ಡಬ್ಬಿಯ ಮೇಲೆ ಬಿಗಿಯಾದವು. ಮುಖದಲ್ಲಿ ಏನೂ ಬದಲಾಗಲಿಲ್ಲ.

“ಸಕ್ರಿ ತಳದಾಗ ನಮ್ಮನಿ ಕೀಲಿಕೈ ಐತಿ,” ಎಂದಳು ಮಹಾನಂದಾ. “ಕೇಳಿ ಬರಬೇಕಂತಿಲ್ಲ. ಚಿಗವ್ವ ಯಾವಾಗ್ಲೂ ಇರ್ತಾಳ.”

“ನಮ್ಮನ್ಯಾಗ ಎಲ್ಲಾ ಛಲೋ ಐತ್ರಿ ಅಕ್ಕಾರ,” ಎಂದಳು ಇಂದುಮತಿ. ಸ್ವಲ್ಪ ಗಟ್ಟಿಯಾಗಿ, ಬಾಗಿಲಿಗೂ ಕೇಳುವಂತೆ. ಆದರೆ ಡಬ್ಬಿಯನ್ನು ಹಿಂದಕ್ಕೆ ಕೊಡಲಿಲ್ಲ.

ಆಮೇಲೆ ಎಷ್ಟೋ ದಿನ ಏನೂ ಆಗಲಿಲ್ಲ. ಕೂಟಕ್ಕೂ ಇಂದುಮತಿ ಬರಲಿಲ್ಲ, ಹೂವಿನ ಬುಟ್ಟಿ ಮಾತ್ರ ಬಂತು. ತಾನು ಅವಸರ ಮಾಡಿದೆನೇ, ಅವನ ಕೈಗೆ ಕೀಲಿಕೈ ಸಿಕ್ಕಿತೇ ಎಂದು ಮಹಾನಂದಾ ಪಾಳಿಯಲ್ಲಿ ಕೂತು ಯೋಚಿಸುತ್ತಿದ್ದಳು. ಬಯಲಿನ ಗೋಪುರಕ್ಕೆ ಹೊಸ ಬೀಜ ಹಾಕಿದ್ದರು. ಅದು ಮೊದಲಿಂದ ಕಲಿಯುತ್ತ ಎಡವುತ್ತಿತ್ತು. ಕಣಿವೆಯ ಗೋಪುರ ಮಾತ್ರ ದಿನಾ ಸಂಜೆ ತಪ್ಪದೆ ಮೈ ಸರಿಸಿ ನಿಲ್ಲುತ್ತಿತ್ತು. ಅದರ ಗೆರೆಯನ್ನು ಅವಳು ಈಗ ಬೇರೆ ಕಣ್ಣಿನಿಂದ ನೋಡುತ್ತಿದ್ದಳು.

ಇಂದುಮತಿ ಬಂದದ್ದು ಒಂದು ಬುಧವಾರ ಮಧ್ಯಾಹ್ನ, ಮಹಾನಂದಾ ಕೆಲಸದಲ್ಲಿದ್ದಾಗ. ಚಿಗವ್ವ ಆಮೇಲೆ ಅದನ್ನು ಕಥೆಯ ಹಾಗೆ ಹೇಳುತ್ತಿದ್ದಳು. ಚಿಲಕ ಸಪ್ಪಳಾತು, ಗುಬ್ಬಿ ಸುಮ್ಮನಾತು. ಯಾರೋ ಕೀಲಿಕೈ ಹಾಕಿ ಬಾಗಿಲು ತೆಗೆದರು. ಯಾರವಾ ಎಂದರೆ ‘ನಾನ್ರಿ’ ಅಂತ ದನಿ. ಬಂದವಳು ಕಂಪ್ಯೂಟರಿನ ಮುಂದೆ ನಿಂತು ಆ ಹುಳಿಯ ಪುಟ ನೋಡುತ್ತಲೇ ಇದ್ದಳಂತೆ. ಆಮೇಲೆ ಅಲ್ಲೇ ನೆಲದ ಮೇಲೆ ಕೂತಳಂತೆ.

ಸಂಜೆ ಮಹಾನಂದಾ ಬಂದಾಗ ಇಂದುಮತಿ ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಪಕ್ಕದಲ್ಲಿ ಶಾಲೆಗೆ ಒಯ್ಯುವ ಕೈಚೀಲ. ಅದರ ಹೊರತು ಏನೂ ತಂದಿರಲಿಲ್ಲ.

“ವಿಜ್ಞಾನ ಕಲಸೂ ಮೇಡಮ್ಮಾರು ನೀವು,” ಎಂದಳು ಮಹಾನಂದಾ ಒಂದು ಮಣೆ ಎಳೆದುಕೊಂಡು. “ಹೆಪ್ಪಿನ ಜೋಡಿ ಏನೇನ ಬರತೈತಿ ಅನ್ನೂದು ನಿಮಗ ಗೊತ್ತಿರಲಿಲ್ಲೇನ?”

ಇಂದುಮತಿ ಹಿಟ್ಟಿನಿಂದ ಕೈ ತೆಗೆಯಲಿಲ್ಲ.

“ಗೊತ್ತಿತ್ರಿ,” ಎಂದಳು. “ನೀವು ಗೊತ್ತ ಹಿಡೀತೀರೋ ಇಲ್ಲೋ ಅನ್ನೂದು ಗೊತ್ತಿರಲಿಲ್ಲ.”

ಪ್ರಭುಲಿಂಗ ಎರಡು ಸಲ ಬಂದ. ಮೊದಲ ಸಲ ಹಣ್ಣು ಹಿಡಿದು ಬಂದು ನಗುನಗುತ್ತ ಮಾತಾಡಿದ. ಎರಡನೆಯ ಸಲ ನಗಲಿಲ್ಲ. ಎರಡೂ ಸಲ ಇಂದುಮತಿ ಒಳಗಿನಿಂದ ಬರಲಿಲ್ಲ, ಎರಡೂ ಸಲ ಗುಬ್ಬಿ ಹುಳಿ ತೋರಿಸಿತು. ಚಿಗವ್ವ ಬಾಗಿಲ ನಡುವೆ ಕುರ್ಚಿ ಹಾಕಿಕೊಂಡು ಕೂತು, “ಕಣ್ಣ ಕಾಣಂಗಿಲ್ಲಪಾ ನನಗ, ಯಾರು ಅನ್ನೂದ ಗೊತ್ತಾಗವಲ್ದು,” ಎನ್ನುತ್ತಲೇ ಇದ್ದಳು. ಆಮೇಲೆ ಜುಲೇಖಾಳಿಗೆ ಪರಿಚಯದ ವಕೀಲೆಯೊಬ್ಬಳು ಅವನಿಗೆ ಒಂದು ನೋಟೀಸು ಕಳಿಸಿದಳು. ಅಕ್ಕನ ಬಳಗದಲ್ಲಿ ಹೂವಿನ ಬುಟ್ಟಿಯನ್ನು ವಾಪಸು ಕಳಿಸಿದರು. ಸಿಂದಗಿಯ ಅಕ್ಕ ಫೋನು ಮಾಡಿ ಹೊಂದಿಕೊಂಡು ಹೋಗಬೇಕಿತ್ತು ಎಂದಳು. ಅದನ್ನು ಕೇಳಿದ ಮೇಲೆ ಇಂದುಮತಿ ಗುಬ್ಬಿಗೆ ಬಸ್ಸಿನ ವೇಳೆಯ ಅಭ್ಯಾಸವನ್ನು ತಾನೇ ಬಿಡಿಸಿದಳು. ಬೆಳಿಗ್ಗೆ ಗುಬ್ಬಿ ಆ ಪುಟ ತೆಗೆದಾಗಲೆಲ್ಲ “ಬ್ಯಾಡ” ಎನ್ನುತ್ತಿದ್ದಳು. ಕೆಲವು ದಿನಕ್ಕೆ ಅದು ತೆಗೆಯುವುದನ್ನು ಬಿಟ್ಟಿತು.

“ಇದನ್ನ ಅಳಿಸಿ ಹೊಸಾದ ಹಾಕೂಣೇನ್ರಿ?” ಎಂದು ಒಮ್ಮೆ ಇಂದುಮತಿಯೇ ಕೇಳಿದಳು. “ನನಗ ಇದರ ಮಾರಿ ನೋಡಾಕ ಆಗವಲ್ದು.”

ಮಹಾನಂದಾ ಯೋಚಿಸಿದಳು. ಮೊದಲ ಸಲ ಆರಿಸುವಾಗ ಎಲ್ಲರನ್ನೂ ಕೇಳಿದ್ದಳು. ಈ ಸಲ ಯಾರನ್ನೂ ಕೇಳಬೇಕೆನಿಸಲಿಲ್ಲ. “ಇರ್ಲಿ ಬಿಡ್ರಿ. ಜಾಗಾ ಬದಲಾಗೈತಿ. ಅದೂ ಇಲ್ಲೇ ಕಲೀಲಿ.”

ಮಳೆಗಾಲ ಮುಗಿದು ಗುಡ್ಡದ ಕಡೆಯಿಂದ ತಂಪು ಗಾಳಿ ಶುರುವಾಗಿತ್ತು. ಒಂದು ಸಂಜೆ ಮೂವರೂ ನಡುಮನೆಯಲ್ಲಿದ್ದರು. ಇಂದುಮತಿ ಬದನೆಕಾಯಿ ಹೆಚ್ಚುತ್ತಿದ್ದಳು. ಮಹಾನಂದಾ ಕಾಲು ಚಾಚಿ ಕೂತಿದ್ದಳು. ಗುಬ್ಬಿ ಕಾದಂಬರಿ ಓದುತ್ತಿತ್ತು. ಮೊದಲಿನ ಸಾವಕಾರನ ಕಥೆ ಎಂದೋ ಮುಗಿದಿತ್ತು, ಇದು ಬೇರೆ ಹೆಣ.

ಗೇಟಿನ ಚಿಲಕ ಸಪ್ಪಳವಾಯಿತು.

ಈಳಿಗೆಯ ಮೇಲೆ ಇಂದುಮತಿಯ ಕೈ ನಿಂತಿತು. ಅರ್ಧ ಕೊಯ್ದ ಬದನೆಕಾಯಿ ಕೈಯಲ್ಲೇ ಉಳಿಯಿತು. ಅವಳ ಬೆನ್ನು ನೇರವಾದದ್ದನ್ನು, ಕಣ್ಣು ಪರದೆಯತ್ತ ಹೋದದ್ದನ್ನು ಮಹಾನಂದಾ ನೋಡಿದಳು.

ಗುಬ್ಬಿ ಓದುತ್ತಲೇ ಇತ್ತು. ದನಿ ತಗ್ಗಲಿಲ್ಲ, ಹುಳಿ ಬರಲಿಲ್ಲ. ಪತ್ತೇದಾರ ಮೆಟ್ಟಿಲು ಹತ್ತಿ ಮೇಲಿನ ಕೋಣೆಯ ಬಾಗಿಲಿಗೆ ಕೈ ಹಾಕುತ್ತಿದ್ದ.

“ಅಕ್ಕಾರ, ಅದೀರೇನ್ರಿ,” ಎಂದು ಹೊರಗಿನಿಂದ ಜುಲೇಖಾಳ ದನಿ ಕೇಳಿತು.

“ಬಾ ಒಳಗ, ಸಪ್ಪಳ ಮಾಡಬ್ಯಾಡ,” ಎಂದಳು ಚಿಗವ್ವ. “ಕೊಲಿ ಮಾಡಿದಾಂವ ಸಿಗಾಕತ್ತಾನ.”

ಇಂದುಮತಿ ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದಳು, ಯಂತ್ರದ ಕಡೆ ನೋಡುತ್ತ. ಆಮೇಲೆ ಬದನೆಕಾಯಿಯನ್ನು ಈಳಿಗೆಗೆ ಒತ್ತಿದಳು.